ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ ಅಝ್ಝಹ್ರಾವಿ

ನಿಮ್ಮ ಮನೆಯಲ್ಲಿ ಕಿವಿ ಸೋರುವ ಮಗುವಿದೆಯೇ? ಕರೆದರೆ ತಡವಾಗಿ ತಿರುಗುವ, ಹೇಳಿದ್ದನ್ನೇ ಮತ್ತೆ ಕೇಳುವ ಮಗು? ಹಾಗಿದ್ದರೆ ಸಾವಿರ ವರ್ಷಗಳ ಹಿಂದೆ ಬಾಳಿದ ಒಬ್ಬ ಶಸ್ತ್ರವೈದ್ಯರ ಕಥೆಯನ್ನು ನೀವು ಅಗತ್ಯವಾಗಿ ಓದಬೇಕು.

ಅವರ ಹೆಸರು ಅಬುಲ್ ಕಾಸಿಮ್ ಖಲಫ್ ಬಿನ್ ಅಬ್ಬಾಸ್ ಅಝ್ಝಹ್ರಾವಿ. ಯುರೋಪಿನವರು ಅವರನ್ನು ಅಬುಲ್ಕಾಸಿಸ್ ಎಂದು ಕರೆದರು. ಇಂದಿನ ಸ್ಪೇನಿನ ಬಹುಭಾಗ ಅಂದು ಅಂದಲೂಸ್ ಎನಿಸಿಕೊಂಡಿತ್ತು. ಅದರ ರಾಜಧಾನಿ ಕುರ್ತುಬಾದ ಬಳಿ ಖಲೀಫ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ನಗರವೇ ಮದೀನತುಝ್ಝಹ್ರಾ. ಅಲ್ಲಿ ಸುಮಾರು ಕ್ರಿ.ಶ. 936ರಲ್ಲಿ ಹುಟ್ಟಿದ್ದರಿಂದ ಅವರಿಗೆ ಅಝ್ಝಹ್ರಾವಿ ಎಂಬ ಹೆಸರು ಬಂತು. ಅವರ ಸ್ವಂತ ಬದುಕಿನ ವಿವರಗಳು ಉಳಿದಿರುವುದು ಬಹಳ ಕಡಿಮೆ. ಉಳಿದದ್ದು ಅವರ ಕೃತಿ. 'ಅತ್ತಸ್ರೀಫ್' ಎಂಬ 30 ಭಾಗಗಳ ಈ ವೈದ್ಯಕೀಯ ಗ್ರಂಥ ಸುಮಾರು ಕ್ರಿ.ಶ. 1000ದಲ್ಲಿ ಪೂರ್ಣಗೊಂಡಿತು.

ಇದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಅಂಗರಚನೆ ತಿಳಿಯದವನು ಕತ್ತಿ ಹಿಡಿಯಬಾರದು ಎಂಬುದು ಅವರ ಖಚಿತ ನಿಲುವು. ಅರಿವಿಲ್ಲದವರ ಕೈಗೆ ಸಿಕ್ಕಿ ರೋಗಿಗಳು ಪ್ರಾಣ ಕಳೆದುಕೊಂಡ ಪ್ರಸಂಗಗಳನ್ನೂ ಅವರು ದಾಖಲಿಸಿದ್ದಾರೆ.

ಕಿವಿಯ ವಿಷಯದಲ್ಲಿ ಅವರ ಎಚ್ಚರಿಕೆ ನೋಡಿ. ಕಿವಿಗೆ ಬೀಳುವ ವಸ್ತುಗಳನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದರು: ಕಲ್ಲು, ಕಬ್ಬಿಣದಂಥವು, ಕಡಲೆಯಂಥ ಕಾಳುಗಳು, ನೀರಿನಂಥ ದ್ರವಗಳು, ಜೀವವಿರುವ ಹುಳುಗಳು. ಕಿವಿಯ ನಾಳದಲ್ಲಿ ಮಾಂಸ ಬೆಳೆದು ಮುಚ್ಚಿಕೊಳ್ಳುವ ರೋಗಕ್ಕೂ ಪ್ರತ್ಯೇಕ ಅಧ್ಯಾಯ ಬರೆದರು. ರೋಗಿಯ ಕಿವಿಯನ್ನು ಮೊದಲು ಬಿಸಿಲಿಗೆ ಹಿಡಿದು ಒಳಗೆ ನೋಡಬೇಕು. ಬೆಳವಣಿಗೆ ಕಣ್ಣಿಗೆ ಕಾಣುವಷ್ಟು ಹೊರಗಿದ್ದರೆ ಸಣ್ಣ ಕತ್ತಿಯಿಂದ ಮೃದುವಾಗಿ ತೆಗೆದು, ಮುಲಾಮು ಸವರಿದ ಬತ್ತಿಯನ್ನಿಟ್ಟು ಗಾಯ ಮಾಯುವವರೆಗೆ ಆರೈಕೆ ಮಾಡಬೇಕು. ಆಳದಲ್ಲಿದ್ದರೆ ಗುಣಪಡಿಸುವುದು ಕಷ್ಟವೆಂದು ಒಪ್ಪಿಕೊಂಡರು. ಕೈಲಾಗದ್ದನ್ನು ಕೈಲಾಗದೆಂದು ಹೇಳುವ ಪ್ರಾಮಾಣಿಕತೆ ಅದು!

ಅವರಿಗೆ ತಲುಪಲಾಗದ ಆ ಆಳವನ್ನು ಇಂದಿನ ವೈದ್ಯರು ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಅಲ್ಲಿ ಕಾಣುವ ಒಂದು ರೋಗದ ಹೆಸರು ಕೊಲೆಸ್ಟಿಯಟೋಮ. 1838ರಲ್ಲಿ ಜರ್ಮನಿಯ ಯೊಹಾನೆಸ್ ಮುಲ್ಲರ್ ಈ ಹೆಸರಿಟ್ಟರು. ಇದು ಕ್ಯಾನ್ಸರ್ ಅಲ್ಲ. ಚರ್ಮವು ಇರಬಾರದ ಜಾಗದಲ್ಲಿ ಚೀಲದಂತೆ ಬೆಳೆದು, ಅದರಿಂದ ಉದುರುವ ಸತ್ತ ಪದರಗಳು ಒಳಗೇ ಶೇಖರವಾಗುತ್ತವೆ. ಇದು ಹೆಚ್ಚಾಗಿ ಕಿವಿತಮಟೆಯ ಹಿಂದೆ, ಅಪರೂಪಕ್ಕೆ ಹೊರನಾಳದಲ್ಲಿ ಬರುತ್ತದೆ. ಅನೇಕ ಸಲ ನೋವೇ ಇರುವುದಿಲ್ಲ. ಆದರೆ ದುರ್ವಾಸನೆಯ ಕೀವು ಸೋರುತ್ತದೆ, ಕಿವಿ ಮಂದವಾಗುತ್ತದೆ. ಅಲಕ್ಷಿಸಿದರೆ ಒಳಗಿನ ಪುಟ್ಟ ಮೂಳೆಗಳನ್ನು ಸವೆಸಿ, ತಲೆಸುತ್ತು, ಮುಖದ ಪಾರ್ಶ್ವವಾಯು, ಮೆದುಳಿನ ಪೊರೆಯ ಸೋಂಕನ್ನೂ ತರಬಲ್ಲದು.

ಹನಿ ಔಷಧಿಯಿಂದ ಸೋಂಕು ತಗ್ಗಬಹುದು, ಚೀಲ ಹೋಗದು. ಹೊರನಾಳದ ಚಿಕ್ಕ ಬೆಳವಣಿಗೆಯನ್ನು ವೈದ್ಯರು ಆಗಾಗ ಶುಚಿಗೊಳಿಸಿ ಹತೋಟಿಯಲ್ಲಿಡಬಹುದು. ತಮಟೆಯ ಹಿಂದಿನದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಅದು ಮರುಕಳಿಸಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆಯೂ ಅಗತ್ಯ.

ಆದ್ದರಿಂದ ಸೋರುವ ಕಿವಿಗೆ ಬಿಸಿ ಎಣ್ಣೆ ಹಾಕಬೇಡಿ. ಕಡ್ಡಿ, ಪಿನ್ನು ತೂರಿಸಬೇಡಿ. ನೀರು ಹೋಗದಂತೆ ನೋಡಿಕೊಂಡು ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಕರೆದೊಯ್ಯಿರಿ. ಶಿಕ್ಷಕರೇ, ಪಾಠ ಕೇಳಿಸದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸಬೇಡಿ. ಮುಂದೆ ಕೂರಿಸಿ, ಪೋಷಕರಿಗೆ ತಿಳಿಸಿ.

ಅಝ್ಝಹ್ರಾವಿ ಸುಮಾರು 1013ರಲ್ಲಿ ನಿಧನರಾದರು. ಅದಕ್ಕೆ ಸ್ವಲ್ಪ ಮೊದಲೇ ಅಂತರ್ಯುದ್ಧದಲ್ಲಿ ಅವರ ಹುಟ್ಟೂರು ಸೂರೆಹೋಗಿತ್ತು. ನಗರ ಅಳಿಯಿತು, ಇಲ್ಮ್ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೊನಾದ ಜೆರಾರ್ಡ್ ಆ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದರು. ಯುರೋಪ್ ಶತಮಾನಗಳ ಕಾಲ ಅದನ್ನು ಓದಿ ಕಲಿಯಿತು.

ಅವರನ್ನು ಹೊಗಳಿ ಸುಮ್ಮನಾದರೆ ಸಾಲದು. ಮುಟ್ಟುವ ಮೊದಲು ಬೆಳಕಿನಲ್ಲಿ ನೋಡು ಎಂಬ ಅವರ ಪಾಠವನ್ನು ನಮ್ಮ ಮನೆಗಳಲ್ಲಿ ಪಾಲಿಸೋಣ. ನಮ್ಮ ಮಕ್ಕಳ ಶ್ರವಣಶಕ್ತಿಯನ್ನು ಅಲ್ಲಾಹನು ಕಾಪಾಡಲಿ. ಆಮೀನ್.