ಹೊಳೆಯ ಪಾಲಾದ ಅಚ್ಚಿನ ಯಂತ್ರಗಳು

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿಯೊಬ್ಬ ಒಂದು ಲೇಖನವನ್ನು ತಂದುಕೊಟ್ಟ. ಬರವಣಿಗೆ ಶುದ್ಧವಾಗಿತ್ತು, ಹೇಳಿದ್ದು ನಿಜವೂ ಆಗಿತ್ತು. ಆದರೆ ಅದನ್ನು ಅಚ್ಚು ಹಾಕಿಸಿದರೆ ಊರಿನ ಕೆಲವರು ಬಂದು ಬಾಗಿಲು ಬಡಿದಾರೆಂಬ ಅಳುಕು ನನ್ನನ್ನು ಹಿಡಿಯಿತು. ಸ್ಥಳಾಭಾವದ ನೆಪ ಹೇಳಿ ಹಿಂದಿರುಗಿಸಿದೆ. ಸಂಪಾದಕನೆಂಬ ನನ್ನ ಹೆಸರು ಮಾತ್ರ ಸಂಚಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಮೂಡಿತು. ಅದೇ ಬೇಸಗೆಯ ರಜೆಯಲ್ಲಿ ಎಲೈಜಾ ಲವ್‌ಜಾಯ್ ಎಂಬ ಅಮೆರಿಕದ ಪತ್ರಿಕಾಸಂಪಾದಕನ ಜೀವನಚರಿತ್ರೆ ನನ್ನ ಕೈಗೆ ಬಂದಿತು.

1802ರ ನವೆಂಬರ್ 9ರಂದು ಮೇನ್ ಪ್ರಾಂತದ ಆಲ್ಬಿಯನ್ ಎಂಬಲ್ಲಿ ಅವನ ಜನನ. ತಂದೆ ಪಾದ್ರಿ. ವಾಟರ್‌ವಿಲ್ ಕಾಲೇಜಿನಲ್ಲಿ 1826ರಲ್ಲಿ ಪದವಿ ಪಡೆದು, ಪಶ್ಚಿಮದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ ಮೊದಲು ಶಾಲೆ ನಡೆಸಿದ, ಅನಂತರ ಒಂದು ಪತ್ರಿಕೆಯನ್ನು ಸಂಪಾದಿಸಿದ. ಮಿಸೌರಿಗೆ ಸೇರಿದ ಆ ನಗರದಲ್ಲಿ ಗುಲಾಮರ ಕ್ರಯವಿಕ್ರಯವು ದಿನಸಿಯ ವ್ಯಾಪಾರದಷ್ಟೇ ಸಹಜವಾಗಿತ್ತು. ಅವನ ಮುದ್ರಣಾಲಯದಲ್ಲಿಯೇ ಒಡೆಯನೊಬ್ಬ ಬಾಡಿಗೆಗೆ ಕೊಟ್ಟ ಗುಲಾಮ ಹುಡುಗನೊಬ್ಬ ದುಡಿಯುತ್ತಿದ್ದ. ಆ ಹುಡುಗನ ಹೆಸರನ್ನು ಮುಂದೆ ಹೇಳುತ್ತೇನೆ.

ನಡುವೆ ಲವ್‌ಜಾಯ್‌ನ ಮನಸ್ಸು ಧರ್ಮದ ಕಡೆಗೆ ತಿರುಗಿತು. ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರವನ್ನೋದಿ ಬೋಧಕನಾಗಿ ಮರಳಿದ. 1833ರಲ್ಲಿ ‘ಸೇಂಟ್ ಲೂಯಿಸ್ ಅಬ್ಸರ್ವರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದ. ಅವನನ್ನು ದೋಷವಿಲ್ಲದ ಮಹಾತ್ಮನೆಂದು ವಾಚಕರು ಭಾವಿಸಬಾರದು. ಕ್ಯಾಥೊಲಿಕರನ್ನು ಕುರಿತು ಅವನು ಬರೆದುದರಲ್ಲಿ ಕಟುತ್ವವೂ ಪೂರ್ವಗ್ರಹವೂ ಇದ್ದವು. ನನಗೆ ಅದು ಸೇರದು. ಗುಲಾಮಗಿರಿಯ ವಿಷಯದಲ್ಲಾದರೋ ಅವನು ಮೊದಮೊದಲು ಮಂದಗಾಮಿಯೇ. ಕ್ರಮಕ್ರಮವಾಗಿ ಬಿಡುಗಡೆಯಾದರೆ ಸಾಕೆಂಬುದು ಅವನ ನಿಲವಾಗಿತ್ತು. ತತ್‌ಕ್ಷಣದ ವಿಮೋಚನೆ ಬೇಡುವವರ ಪಂಗಡಕ್ಕೆ ತನ್ನನ್ನು ಸೇರಿಸಬಾರದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ಮಂದದನಿಯೂ ನಗರಕ್ಕೆ ಸಹ್ಯವಾಗಲಿಲ್ಲ. 1835ರಲ್ಲಿ ಗಣ್ಯರು ಸೇರಿ ಆ ಪ್ರಸ್ತಾಪವನ್ನೇ ಬಿಡಬೇಕೆಂದು ತಾಕೀತು ಮಾಡಿದರು. ಅವನು ಒಪ್ಪಲಿಲ್ಲ.

1836ರ ಏಪ್ರಿಲ್ 28ರಂದು ಫ್ರಾನ್ಸಿಸ್ ಮ್ಯಾಕಿಂಟಾಷ್ ಎಂಬ ಸ್ವತಂತ್ರ ಕಪ್ಪುಜನಾಂಗದ ಹಡಗಿನ ಕೆಲಸಗಾರ, ತನ್ನನ್ನು ಹಿಡಿದೊಯ್ಯುತ್ತಿದ್ದ ಅಧಿಕಾರಿಯೊಬ್ಬನನ್ನು ಇರಿದು ಕೊಂದ. ಜನರ ಗುಂಪು ಅವನನ್ನು ಸೆರೆಮನೆಯಿಂದ ಹೊರಗೆಳೆದು, ಮರಕ್ಕೆ ಕಟ್ಟಿ, ಜೀವಂತವಾಗಿ ಸುಟ್ಟಿತು. ವಿಚಾರಣೆಯ ಪಂಚರಿಗೆ ನ್ಯಾಯಾಧೀಶನು ಕೊಟ್ಟ ಸೂಚನೆ ವಿಚಿತ್ರವಾಗಿತ್ತು: ಕೆಲವರು ಮಾಡಿದ್ದರೆ ಅಪರಾಧ, ಅಸಂಖ್ಯರು ಸೇರಿ ಮಾಡಿದ್ದರೆ ಅದು ಕಾನೂನಿನ ಅಳವಿಗೆ ಮೀರಿದ್ದು! ಜೊತೆಗೆ ಲವ್‌ಜಾಯ್‌ನ ಪತ್ರಿಕೆಯೇ ಇಂಥವಕ್ಕೆ ಪ್ರಚೋದನೆಯೆಂದೂ ದೂರಿದ. ಆ ನ್ಯಾಯಾಧೀಶನ ಹೆಸರು ಲ್ಯೂಕ್ ಲಾಲೆಸ್. ಆ ಇಂಗ್ಲಿಷ್ ಮಾತಿಗೆ ಕಾನೂನಿಲ್ಲದವನೆಂದೇ ಅರ್ಥ. ಕಾದಂಬರಿಕಾರನೊಬ್ಬ ಪಾತ್ರಕ್ಕೆ ಇಂಥ ಹೆಸರಿಟ್ಟಿದ್ದರೆ ಅತಿಯಾಯಿತೆಂದು ನಮ್ಮಂಥ ಅಧ್ಯಾಪಕರು ಆಕ್ಷೇಪಿಸುತ್ತಿದ್ದೆವು. ಲವ್‌ಜಾಯ್ ಸುಮ್ಮನಿರದೆ ನ್ಯಾಯಾಧೀಶನನ್ನು ಖಂಡಿಸಿ ಬರೆದ. ಅವನ ಕಾರ್ಯಾಲಯ ಧ್ವಂಸವಾಯಿತು.

ಗುಲಾಮಗಿರಿಗೆ ಎಡೆಯಿಲ್ಲದ ಇಲಿನಾಯ್ ಪ್ರಾಂತ ಮಿಸಿಸಿಪ್ಪಿ ನದಿಯ ಆಚೆಗಿತ್ತು. ಅಲ್ಲಿನ ಆಲ್ಟನ್ ಪಟ್ಟಣ ತನ್ನನ್ನು ಕಾಪಾಡೀತೆಂದು ಅವನು ನಂಬಿದ. ಹೊತ್ತು ತಂದ ಅಚ್ಚಿನ ಯಂತ್ರವು ದಡ ಸೇರಿದ್ದು ಭಾನುವಾರ. ಪುಣ್ಯದಿನದಲ್ಲಿ ಕೆಲಸ ಕೂಡದೆಂದು ಅವನು ಅದನ್ನು ಅಲ್ಲಿಯೇ ಬಿಟ್ಟ. ಬೆಳಗಾಗುವುದರೊಳಗೆ ಅದು ಹೊಳೆಯ ಪಾಲಾಗಿತ್ತು. ಊರವರು ನಾಚಿ ಹೊಸತನ್ನು ಕೊಡಿಸಿದರು. 1837ರ ಆಗಸ್ಟಿನಲ್ಲಿ ಅದೂ ಹೋಯಿತು. ಸೆಪ್ಟೆಂಬರಿನಲ್ಲಿ ಮೂರನೆಯದೂ ಹೋಯಿತು. ಸೇಂಟ್ ಚಾರ್ಲ್ಸ್‌ನಲ್ಲಿದ್ದ ಅತ್ತೆಯ ಮನೆಗೆ ಅವನು ಹೋಗಿದ್ದಾಗ ಅಲ್ಲಿಗೂ ಗುಂಪು ನುಗ್ಗಿತು. ಹೆಂಡತಿ ಸೀಲಿಯಾ ಗಂಡನಿಗೆ ಅಡ್ಡನಿಂತು ಅವರೊಡನೆ ಹೋರಾಡಿದಳು. ಒಂದೊಂದು ಪೆಟ್ಟಿಗೂ ಅವನ ಬರೆಹ ಮತ್ತಷ್ಟು ನೇರವಾಗುತ್ತ ಬಂದು, ಮಂದಗಾಮಿಯಾಗಿದ್ದವನು ಈಗ ಸಂಪೂರ್ಣ ವಿಮೋಚನೆಯ ಪಕ್ಷಕ್ಕೆ ಬಂದಿದ್ದ.

ನವೆಂಬರ್ ಮೊದಲ ವಾರ ಆಲ್ಟನ್ನಿನಲ್ಲಿ ನಡೆದ ಸಭೆಯನ್ನು ಓದುವಾಗ ನಾನು ಪುಸ್ತಕವನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತೆ. ಅಲ್ಲಿ ಸೇರಿದ್ದವರೆಲ್ಲ ಪುಂಡರಲ್ಲ. ವರ್ತಕರು, ವಕೀಲರು, ಮರ್ಯಾದಸ್ಥರು. ಹಲವರಿಗೆ ಅವನ ಮೇಲೆ ದ್ವೇಷವೂ ಇರಲಿಲ್ಲ. ಊರಿನ ಶಾಂತಿಗಾಗಿ ಅವನು ಪತ್ರಿಕೆಯ ಸಂಬಂಧ ಬಿಟ್ಟು ಹೋಗಲಿ, ಇಷ್ಟೇ ಅವರ ಕೋರಿಕೆ. ಯಂತ್ರ ಒಡೆದವರನ್ನು ಹಿಡಿಯಬೇಕೆಂಬ ಮಾತು ಮಾತ್ರ ಗಟ್ಟಿಯಾಗಿ ಯಾರಿಂದಲೂ ಬರಲಿಲ್ಲ. ಆ ಮರ್ಯಾದಸ್ಥರ ಸಾಲಿನಲ್ಲಿ ನನ್ನ ಮುಖವೂ ನನಗೆ ಕಾಣಿಸಿತು. ಲವ್‌ಜಾಯ್ ಎದ್ದು, ತಾನು ಯಾವ ಕಾನೂನನ್ನೂ ಮುರಿದಿಲ್ಲವೆಂದೂ, ಓಡಿಹೋಗಲು ಇನ್ನು ಜಾಗವಿಲ್ಲವೆಂದೂ, ಸತ್ತರೆ ತನ್ನ ಗೋರಿ ಆಲ್ಟನ್ನಿನಲ್ಲಿಯೇ ಆಗಲೆಂದೂ ಹೇಳಿದ. ಹೆಂಡತಿಯ ಮಾತು ಬಂದಾಗ ಕಣ್ಣೀರಿಟ್ಟ.

ನವೆಂಬರ್ 7ರ ನಸುಕಿನಲ್ಲಿ ನಾಲ್ಕನೆಯ ಯಂತ್ರ ಹಡಗಿನಿಂದಿಳಿದು ಕಲ್ಲಿನ ಉಗ್ರಾಣವೊಂದನ್ನು ಸೇರಿತು. ಸುಮಾರು ಇಪ್ಪತ್ತು ಮಂದಿ ಕಾವಲಿದ್ದರು. ರಾತ್ರಿ ಗುಂಪು ಮುತ್ತಿತು. ಯಂತ್ರವನ್ನು ಒಪ್ಪಿಸಿದರೆ ಯಾರಿಗೂ ಅಪಾಯವಿಲ್ಲವೆಂಬ ಸಂದೇಶವನ್ನು ನಗರದ ಮೇಯರನೇ ಒಳಕ್ಕೆ ತಂದ. ಗುಂಡುಗಳು ಹಾರಿದವು, ಮುತ್ತಿಗೆಯವರಲ್ಲಿ ಒಬ್ಬ ಯುವಕ ಸತ್ತ. ಅವರು ಏಣಿ ಹಾಕಿ ಮರದ ಛಾವಣಿಗೆ ಬೆಂಕಿಯಿಡಲು ಹೊರಟರು. ಏಣಿಯನ್ನು ತಳ್ಳಲು ಹೊರಗೆ ಬಂದ ಲವ್‌ಜಾಯ್‌ಗೆ ಐದು ಗುಂಡುಗಳು ತಗುಲಿದವು. ಯಂತ್ರವನ್ನು ಕಿಟಕಿಯಿಂದ ಕೆಡವಿ, ಪುಡಿಮಾಡಿ, ಹೊಳೆಗೆಸೆದರು. 9ರಂದು, ಅವನಿಗೆ ಮೂವತ್ತೈದು ತುಂಬಿದ ದಿನವೇ, ಹೆಣವನ್ನು ಹೂಳಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಕಣ್ಣು ತೆರೆದದ್ದು ಇದಾದ ಆರು ವರ್ಷಕ್ಕೆ, 1843ರಲ್ಲಿ.

1838ರ ಜನವರಿಯಲ್ಲಿ ಎರಡೂ ಪಕ್ಷದವರ ಮೇಲೆ ಮೊಕದ್ದಮೆ ನಡೆದು ಎರಡೂ ಪಕ್ಷದವರು ಬಿಡುಗಡೆಯಾದರು. ಕೊಂದವನಿಗೆ ಶಿಕ್ಷೆಯಾಗಲಿಲ್ಲ. ಬಾಸ್ಟನ್ನಿನ ಸಭೆಯೊಂದರಲ್ಲಿ ಸರಕಾರಿ ವಕೀಲನೊಬ್ಬ ಹಂತಕರನ್ನೇ ಸಮರ್ಥಿಸಿದಾಗ, ವೆಂಡೆಲ್ ಫಿಲಿಪ್ಸ್ ಎಂಬ ತರುಣ ಎದ್ದು ಉತ್ತರ ಕೊಟ್ಟು ಅಂದಿನಿಂದ ವಿಮೋಚನಾ ಚಳವಳಿಯ ದೊಡ್ಡ ವಾಗ್ಮಿಯಾದ. ತಮ್ಮ ಓವೆನ್ ಲವ್‌ಜಾಯ್ ಶಾಸನಸಭೆ ಸೇರಿ ಲಿಂಕನ್ನನ ಮಿತ್ರನಾದ. ಆಲ್ಟನ್ ನಗರದಲ್ಲಿ ಸ್ಮಾರಕಸ್ತಂಭವೆದ್ದದ್ದು 1897ರಲ್ಲಿ.

ಮುದ್ರಣಾಲಯದ ಆ ಹುಡುಗನ ಹೆಸರು ವಿಲಿಯಮ್ ವೆಲ್ಸ್ ಬ್ರೌನ್. 1834ರಲ್ಲಿ ಅವನು ಒಡೆಯನಿಂದ ತಪ್ಪಿಸಿಕೊಂಡ. 1847ರಲ್ಲಿ ತನ್ನ ಆತ್ಮಕಥೆಯನ್ನು ಅಚ್ಚು ಹಾಕಿಸಿ, ಗುಲಾಮಗಿರಿಯಲ್ಲಿದ್ದಾಗ ತನಗೆ ದೊರೆತ ಅಲ್ಪಸ್ವಲ್ಪ ವಿದ್ಯೆಯೆಲ್ಲ ಲವ್‌ಜಾಯ್‌ನ ಮುದ್ರಣಾಲಯದ ಋಣವೆಂದು ಅದರಲ್ಲಿ ನೆನೆದ.