ಬಿಸಿಲಿನ ಎಣ್ಣೆ ಮಾರಿದ ಬಲಪಂಥೀಯ

ಸನ್‌ಸ್ಕ್ರೀನ್ ಕೊಳ್ಳುವಾಗ ನಾವು ಮೊದಲು ನೋಡೋದು ಎಸ್‌ಪಿಎಫ್ ಸಂಖ್ಯೆ. 30 ಇದೆಯಾ, 50 ಇದೆಯಾ ಅಂತ. ಆ ಸಂಖ್ಯೆ ಮುಖ್ಯವಾಗಿ ಹೇಳೋದು ಚರ್ಮ ಸುಟ್ಟು ಕೆಂಪಾಗೋದನ್ನು ಅದು ಎಷ್ಟು ತಡೆಯುತ್ತೆ ಅನ್ನೋದನ್ನು. ಸುಡದಿದ್ದರೆ ಸಾಕು, ಮಿಕ್ಕಿದ್ದೆಲ್ಲ ಕ್ಷೇಮ ಅನ್ನೋ ಲೆಕ್ಕದ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕವನು ಯೂಜೀನ್ ಶ್ಯುಲೆರ್, ಲೋರಿಯಲ್ ಕಂಪನಿ ಕಟ್ಟಿದವನು.

1881ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ಬೇಕರಿ ನಡೆಸ್ತಿದ್ದರು. ಕೆಮಿಸ್ಟ್ರಿ ಓದಿದ ಹುಡುಗ ರಾತ್ರಿ ಮನೆಯಲ್ಲೇ ಕೂದಲಿನ ಬಣ್ಣ ಕಲಸಿ, ಹಗಲು ಸಲೂನ್‌ಗಳಿಗೆ ಸುತ್ತಿ ಮಾರುತ್ತಿದ್ದ. 1909ರಲ್ಲಿ ಕಂಪನಿ ಶುರುವಾಯ್ತು. ಇಲ್ಲಿಗೇ ನಿಂತಿದ್ದರೆ ಈ ಕಥೆ ಸ್ಟಾರ್ಟಪ್ ಪಾಡ್‌ಕಾಸ್ಟ್‌ಗೆ ಹೇಳಿ ಮಾಡಿಸಿದಂತಿರುತ್ತಿತ್ತು. ಇಂಜಿನಿಯರಿಂಗ್ ಓದಿದ ನನಗೂ ಇಷ್ಟವಾಗಿರೋದು.

ಯುರೋಪಿನಲ್ಲಿ ಬಹುಕಾಲ ಬಿಳಿ ಚರ್ಮ ಅಂದರೆ ಹೊಲಕ್ಕಿಳಿಯದವರ ಗುರುತು. ದುಡಿಯುವವರು ಫ್ಯಾಕ್ಟರಿಯೊಳಗೆ ಸೇರಿಕೊಂಡ ಮೇಲೆ ಲೆಕ್ಕ ತಿರುಗಿತು. ಬಿಳಿಚಿಕೊಂಡವನು ಕಾರ್ಮಿಕ, ಕಂದಾದವನು ಸಮುದ್ರತೀರದಲ್ಲಿ ರಜೆ ಕಳೆಯುವಷ್ಟು ದುಡ್ಡಿರೋನು. (ನಮ್ಮಲ್ಲಿ ಬಿಸಿಲಲ್ಲಿ ದುಡಿಯೋರು ಈಗಲೂ ಬಡವರೇ, ಅದರ ಮೇಲೆ ಜಾತಿ ಬೇರೆ. ಹಾಗಾಗಿ ಅದೇ ಲೋರಿಯಲ್ ಇಲ್ಲಿ ಬೆಳ್ಳಗಾಗುವ ಕ್ರೀಮ್ ಮಾರಿತು. ಆ ಪದಗಳನ್ನು ತೆಗೆಯುತ್ತೇವೆ ಅಂತ ಘೋಷಿಸಿದ್ದು 2020ರಲ್ಲಿ.)

1935ರಲ್ಲಿ ಶ್ಯುಲೆರ್‌ನ ಕಂಪನಿ ಆಂಬ್ರ್ ಸೊಲೇರ್ ಅನ್ನೋ ಎಣ್ಣೆ ತಂದಿತು. ಅದರಲ್ಲಿದ್ದ ಬೆಂಜೈಲ್ ಸ್ಯಾಲಿಸಿಲೇಟ್ ಚರ್ಮ ಸುಡುವ ಯುವಿ-ಬಿ ಕಿರಣಗಳನ್ನು ಹೀರಿಕೊಳ್ಳುತ್ತೆ, ಇನ್ನೂ ಆಳಕ್ಕಿಳಿಯುವ ಯುವಿ-ಎ ಕಿರಣಗಳನ್ನು ಬಹುಪಾಲು ಹಾಗೇ ಬಿಡುತ್ತೆ. ಉರಿ ಕಡಿಮೆ, ಬಣ್ಣ ಮಾತ್ರ ಬರುತ್ತೆ. ಜನಕ್ಕೆ ಬೇಕಾಗಿದ್ದೂ ಅದೇ.

ಮರುವರ್ಷ ಅದೃಷ್ಟ ಖುಲಾಯಿಸಿತು. ದೇಶವ್ಯಾಪಿ ಮುಷ್ಕರಗಳ ನಡುವೆ ಎಡಪಕ್ಷಗಳ ಪಾಪ್ಯುಲರ್ ಫ್ರಂಟ್ ಸರ್ಕಾರ 1936ರ ಜೂನ್‌ನಲ್ಲಿ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಸಮುದ್ರವನ್ನೇ ನೋಡದಿದ್ದ ಕುಟುಂಬಗಳು ರೈಲು ಹತ್ತಿದವು. ಅವರಿಗೆ ಮಾರಲು ಶ್ಯುಲೆರ್‌ನ ಎಣ್ಣೆ ಸಿದ್ಧವಿತ್ತು.

ಆದರೆ ಅದೇ ಶ್ಯುಲೆರ್‌ನ ದುಡ್ಡು ಆ ಸರ್ಕಾರವನ್ನು ಉರುಳಿಸಲು ಹುಟ್ಟಿದ ಗುಪ್ತಸಂಘಟನೆ ಲಾ ಕಾಗೂಲ್‌ಗೂ ಹೋಗ್ತಿತ್ತು. 1937ರಲ್ಲಿ ನಾರ್ಮಂಡಿಯಲ್ಲಿ ಇಟಲಿಯ ಫ್ಯಾಸಿಸ್ಟ್ ವಿರೋಧಿಗಳಾದ ರೊಸೆಲ್ಲಿ ಸಹೋದರರನ್ನು ಕೊಂದದ್ದು ಈ ಗುಂಪು. ನಾಜಿ ಆಕ್ರಮಣದ ನಂತರ ಅದರ ನಾಯಕ ದೆಲೋಂಕ್ಲ್ ಕಟ್ಟಿದ ಪಕ್ಷದಲ್ಲೂ ಶ್ಯುಲೆರ್ ಇದ್ದ. 1941ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಯಹೂದಿ ಪ್ರಾರ್ಥನಾ ಮಂದಿರಗಳಿಗೆ ಬಾಂಬ್ ಇಡಿಸಿದ್ದು ದೆಲೋಂಕ್ಲ್‌ನ ಜನ. ಕಾರ್ಮಿಕರ ರಜೆಯಿಂದ ಬಂದ ಲಾಭವೂ ಆ ದುಡ್ಡಿನಲ್ಲಿ ಸೇರಿತ್ತಾ? ಲೆಕ್ಕಪುಸ್ತಕ ನನ್ನ ಕೈಲಿಲ್ಲ, ಆದರೆ ಜೇಬು ಒಂದೇ ಆಗಿತ್ತು.

ಯುದ್ಧ ಮುಗಿದ ಮೇಲೆ ವಿಚಾರಣೆ ನಡೀತು. ಪ್ರತಿರೋಧ ಚಳವಳಿಗೂ ನೆರವಾಗಿದ್ದ ಅಂತ ಸಾಕ್ಷಿ ಹೇಳೋರು ಸಿಕ್ಕರು, ಶ್ಯುಲೆರ್ ಪಾರಾದ. ಮುಂದೆ ಸಮಾಜವಾದಿ ಅಧ್ಯಕ್ಷನಾದ ಮಿತ್ತೆರಾಂ ಆ ದಿನಗಳಲ್ಲಿ ಈತನದೇ ಸೌಂದರ್ಯ ಪತ್ರಿಕೆಯ ಉಸ್ತುವಾರಿ ನೋಡಿಕೊಳ್ತಿದ್ದ. ದೆಲೋಂಕ್ಲ್‌ನ ಬಲಗೈ ಆಗಿದ್ದ ಜಾಕ್ ಕೊರೆಜ್ ಶಿಕ್ಷೆಗೊಳಗಾಗಿ ಹೊರಬಂದು, ಕೊನೆಗೆ ಅಮೆರಿಕದಲ್ಲಿ ಲೋರಿಯಲ್ ವ್ಯವಹಾರದ ಮುಖ್ಯಸ್ಥನಾದ. 1957ರಲ್ಲಿ ಶ್ಯುಲೆರ್ ಸತ್ತಾಗ ಕಂಪನಿ ಮಗಳು ಲಿಲಿಯಾನ್ ಪಾಲಾಯಿತು. ಆಕೆ ಮುಂದೆ ಜಗತ್ತಿನ ಅತಿ ಶ್ರೀಮಂತ ಮಹಿಳೆ ಅನ್ನಿಸಿಕೊಂಡಳು.

ಸುಡದಿದ್ದರೆ ಕ್ಷೇಮ ಅನ್ನೋ ಲೆಕ್ಕ ಮಾತ್ರ ಅವನ ಜೊತೆ ಹೋಗಲಿಲ್ಲ. 1970ರ ದಶಕದ ಕೊನೆಗೆ ಯುವಿ-ಎ ದೀಪಗಳ ಸನ್‌ಬೆಡ್‌ಗಳು ಬಂದಾಗ ಮಾರಾಟಗಾರರು ಹೇಳಿದ್ದೂ ಅದನ್ನೇ: ಇದು ಸುಡಲ್ಲ, ಬರೀ ಬಣ್ಣ ಕೊಡುತ್ತೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಸನ್‌ಬೆಡ್‌ಗಳನ್ನು ತಂಬಾಕು ಇರುವ ಪಟ್ಟಿಗೇ ಸೇರಿಸಿತು. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಅವುಗಳ ಬಳಕೆಯನ್ನು ನಿಷೇಧಿಸಿತು, ಮುಂದೆ ಆಸ್ಟ್ರೇಲಿಯಾದ ಟ್ಯಾನಿಂಗ್ ಸಲೂನ್‌ಗಳಲ್ಲೂ ಸನ್‌ಬೆಡ್‌ಗಳು ಬಂದ್ ಆದವು. ಶ್ಯುಲೆರ್‌ನ ಫ್ರಾನ್ಸ್‌ನಲ್ಲೂ ನಿಷೇಧಿಸಿ ಅಂತ 2018ರಲ್ಲಿ ಸರ್ಕಾರದ್ದೇ ಆರೋಗ್ಯ ಸುರಕ್ಷತಾ ಸಂಸ್ಥೆ ಕೇಳಿತು. ಅಲ್ಲಿ ಕಾನೂನು ತಡೆದಿರೋದು 18 ತುಂಬದವರನ್ನು ಮಾತ್ರ.