ಅಡುಗೆಮನೆ ನೋಡಿ ಬಂದ ವರದಿಗಾರ್ತಿ: ಸೂಸನ್ ಗ್ಲಾಸ್ಪೆಲ್ ಮತ್ತು ಊರಿನ ನಾಟಕದ ಸುದ್ದಿ

1921ರ ಮಾರ್ಚ್ ತಿಂಗಳು. ನ್ಯೂಯಾರ್ಕಿನ ಮ್ಯಾಕ್‌ಡೂಗಲ್ ಬೀದಿಯಲ್ಲಿ, ಒಂದು ಕಾಲಕ್ಕೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ ಹೊಸ ನಾಟಕವೊಂದು ಶುರುವಾಗುತ್ತದೆ. ಕಥೆ ನಡೆಯೋದು ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ದನಿ ಎತ್ತಿದ ಭಾರತದ ವಿದ್ಯಾರ್ಥಿಗಳನ್ನು ಗಡೀಪಾರು ಮಾಡಲು ಹೊರಟಿದ್ದಾರೆ. ಕಾಲೇಜಿಗೆ ಸರ್ಕಾರದ ದುಡ್ಡು ಬೇಕು, ಹಾಗಾಗಿ ಆಡಳಿತ ಮಂಡಳಿ ತುಟಿ ಬಿಚ್ಚಲ್ಲ. ಒಳ್ಳೆಯ ಮೇಷ್ಟ್ರೊಬ್ಬರಿದ್ದಾರೆ, ಅವರಿಗೂ ಸುಮ್ಮನಿರಿ ಅನ್ನುವ ಒತ್ತಡ. ಕಾಲೇಜು ಕಟ್ಟಿದವರ ಮೊಮ್ಮಗಳು ಮಾತ್ರ ಆ ಹುಡುಗರ ಪರ ನಿಂತು ಜೈಲಿಗೆ ಹೋಗಲು ತಯಾರಾಗುತ್ತಾಳೆ. ನಾಟಕದ ಹೆಸರು ‘ಇನ್‌ಹೆರಿಟರ್ಸ್’, ಅಂದರೆ ವಾರಸುದಾರರು.

ಹೋದ ತಿಂಗಳ ಕ್ಯಾಂಪಸ್ ಸುದ್ದಿ ಓದಿದ ಹಾಗಾಯ್ತು ಅಲ್ವಾ? ಬರೆದವರು ಸೂಸನ್ ಗ್ಲಾಸ್ಪೆಲ್. ಇದೇ ತಂಡದಲ್ಲಿ, ಇದೇ ವೇದಿಕೆಯಲ್ಲಿ ಬೆಳೆದ ಯೂಜೀನ್ ಓ'ನೀಲ್ ಹೆಸರು ನಾಟಕ ಓದುವ ಯಾರಿಗಾದರೂ ಗೊತ್ತು. ಸೂಸನ್ ಹೆಸರು ಅವರು ಸತ್ತ ಮೇಲೆ ದಶಕಗಳ ಕಾಲ ಅಮೆರಿಕನ್ನರಿಗೇ ಮರೆತುಹೋಗಿತ್ತು. ಹೀಗ್ಯಾಕಾಯಿತು ಅನ್ನೋದಕ್ಕೆ ಕಾರಣ ಹಲವು. ಪತ್ರಿಕೆಗಳಿಗೂ ಅದರಲ್ಲಿ ಪಾಲಿದೆ. ಹಾಗೆಯೇ ಅವರು ಮತ್ತೆ ಸಿಕ್ಕಿದ್ದರಲ್ಲೂ ಪತ್ರಿಕೆಯ ಪಾತ್ರ ಇದೆ, ಅದೂ ಒಂದು ಊರಿನ ಪತ್ರಿಕೆಯದು.

ಊರಿನ ಪತ್ರಿಕೆಯ ಹುಡುಗಿ

ಸೂಸನ್ ಹುಟ್ಟಿದ್ದು 1876ರಲ್ಲಿ, ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ. ಮಿಸಿಸಿಪ್ಪಿ ನದಿ ದಂಡೆಯ ಊರು. ಹೈಸ್ಕೂಲು ಮುಗಿಸಿದ್ದೇ ಊರಿನ ಪತ್ರಿಕೆಗೆ ಬರೆಯಲು ಹತ್ತಿದರು. ಆಮೇಲೆ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಸಾಮಾಜಿಕ ಅಂಕಣದ ಜವಾಬ್ದಾರಿ ಸಿಕ್ಕಿತು. ಯಾರ ಮನೆಯಲ್ಲಿ ಏನು ಸಮಾರಂಭ, ಯಾರು ಬಂದರು, ಯಾರು ಹೋದರು ಅನ್ನುವ ಸುದ್ದಿಗಳು. ಆಗ ಹೆಣ್ಣುಮಕ್ಕಳಿಗೆ ಪತ್ರಿಕೆಯಲ್ಲಿ ಸಿಗುತ್ತಿದ್ದ ಮೂಲೆ ಅದೇ. ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಓದಿ 1899ರಲ್ಲಿ ಪದವಿ ಪಡೆದು, ‘ಡೆ ಮೊಯ್ನ್ ಡೈಲಿ ನ್ಯೂಸ್’ ಸೇರಿದರು. ಅಲ್ಲಿ ಶಾಸನಸಭೆ, ಕೊಲೆ ಕೇಸುಗಳ ವರದಿ ಮಾಡುವ ಕೆಲಸ.

1900ರ ಡಿಸೆಂಬರ್‌ನಲ್ಲಿ, ಇಂಡಿಯನೋಲಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಜಾನ್ ಹೋಸಾಕ್ ಅನ್ನುವ ರೈತ ಕೊಲೆಯಾದ. ರಾತ್ರಿ ಮಲಗಿದ್ದಾಗ ಯಾರೋ ತಲೆಗೆ ಕೊಡಲಿಯಿಂದ ಹೊಡೆದಿದ್ದರು. ಪಕ್ಕದಲ್ಲೇ ಮಲಗಿದ್ದ ಹೆಂಡತಿ ಮಾರ್ಗರೆಟ್ ತಾನು ಯಾರನ್ನೂ ನೋಡಲಿಲ್ಲ ಅಂದಳು. ಗಂಡನ ಅಂತ್ಯಕ್ರಿಯೆಯ ದಿನವೇ ಅವಳ ಬಂಧನವಾಯಿತು. ಆ ಮನೆಯ ಜಗಳ, ಗಂಡನ ಸಿಟ್ಟು ನೆರೆಹೊರೆಗೆಲ್ಲ ಗೊತ್ತಿತ್ತು. ಕೋರ್ಟಿನಲ್ಲಿ ಅದು ಅವಳ ಪರವಾಗಿ ಬರಲಿಲ್ಲ, ಕೊಲೆಗೆ ಕಾರಣ ಇತ್ತು ಅನ್ನೋದಕ್ಕೆ ಸಾಕ್ಷಿಯಾಯಿತು. ತೀರ್ಪು ಕೊಟ್ಟ ಜ್ಯೂರಿಯಲ್ಲಿ ಇದ್ದವರೆಲ್ಲ ಗಂಡಸರು. 1901ರ ಏಪ್ರಿಲ್‌ನಲ್ಲಿ ಜೀವಾವಧಿ ಶಿಕ್ಷೆ. ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 1903ರ ಮರುವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊಂದವರು ಯಾರು ಅನ್ನೋದು ಕೊನೆಗೂ ತೀರ್ಮಾನವಾಗಲಿಲ್ಲ.

ಸೂಸನ್ ಈ ಕೇಸಿನ ಬಗ್ಗೆ 20ಕ್ಕೂ ಹೆಚ್ಚು ವರದಿ ಬರೆದರು. ಸತ್ಯ ಹೇಳಬೇಕೆಂದರೆ, ಮೊದಮೊದಲ ವರದಿಗಳು ಹೆಮ್ಮೆಪಡುವಂಥವಲ್ಲ. ಮಾರ್ಗರೆಟ್‌ಳನ್ನು ಕಲ್ಲೆದೆಯ, ಗಟ್ಟಿ ಆಳಿನಂಥ ಹೆಂಗಸು ಅನ್ನುವ ಹಾಗೆ ಚಿತ್ರಿಸಿ, ಓದುಗರ ಕುತೂಹಲಕ್ಕೆ ಒಗ್ಗರಣೆ ಹಾಕಿದ್ದರು. ಆಮೇಲೆ ಅವರು ಆ ಮನೆಗೆ ಹೋದರು. ಜೈಲಿನಲ್ಲಿದ್ದ ಹೆಂಗಸಿನ ಅಡುಗೆಮನೆಯೊಳಗೆ ನಿಂತು ಬಂದರು. ಅಲ್ಲಿಂದ ವರದಿಯ ಧಾಟಿ ಬದಲಾಯಿತು. ಅದೇ ಹೆಂಗಸು ಈಗ ಬಡಕಲಾದ, ದಣಿದ ತಾಯಿಯಾಗಿ ಕಂಡಳು. ವಿಚಾರಣೆ ಮುಗಿದ ಸ್ವಲ್ಪ ದಿನಕ್ಕೇ ಸೂಸನ್ ಕೆಲಸ ಬಿಟ್ಟು, ಕಥೆ ಬರೆಯಲು ಡಾವೆನ್‌ಪೋರ್ಟ್‌ಗೆ ವಾಪಸಾದರು.

ಮೀನಿನ ಶೆಡ್ಡಿನಲ್ಲಿ ರಂಗಮಂದಿರ

1913ರಲ್ಲಿ ಸೂಸನ್ ತಮ್ಮದೇ ಊರಿನ ಜಾರ್ಜ್ ಕ್ರ್ಯಾಮ್ ಕುಕ್ ಅವರನ್ನು ಮದುವೆಯಾದರು. ಕುಕ್ ಅವರದು ಕನಸು ಜಾಸ್ತಿ, ದುಡ್ಡು ಕಮ್ಮಿ. ಬ್ರಾಡ್‌ವೇಯ ವ್ಯಾಪಾರಿ ನಾಟಕ ನೋಡಿ ಬೇಸತ್ತಿದ್ದ ಈ ದಂಪತಿ ‘ಸಪ್ರೆಸ್ಡ್ ಡಿಸೈರ್ಸ್’ ಅನ್ನುವ ಪ್ರಹಸನ ಬರೆದರು. ನ್ಯೂಯಾರ್ಕಿನ ತಂಡವೊಂದು ಅದನ್ನು ಬೇಡ ಅಂದಿತು. ಸರಿ, ನಾವೇ ಆಡೋಣ ಅಂತ 1915ರ ಬೇಸಿಗೆಯಲ್ಲಿ ಪ್ರಾವಿನ್ಸ್‌ಟೌನ್ ಅನ್ನುವ ಕಡಲತೀರದ ಊರಿನಲ್ಲಿ ಗೆಳೆಯರ ಮನೆಯಲ್ಲೇ ಆಡಿದರು. ಆಮೇಲೆ ಹಡಗುಕಟ್ಟೆಯ ಮೇಲಿದ್ದ ಹಳೇ ಮೀನಿನ ಶೆಡ್ಡು ಇವರ ರಂಗಮಂದಿರವಾಯಿತು. ನಟರು, ಬರಹಗಾರರು, ಗೋಡೆಗೆ ಬಣ್ಣ ಬಳಿಯುವವರು, ಪ್ರೇಕ್ಷಕರು ಎಲ್ಲಾ ಹೆಚ್ಚುಕಮ್ಮಿ ಅವರೇ. ನಮ್ಮ ಕಡೆ ಹವ್ಯಾಸಿ ತಂಡ ಅಂತೀವಲ್ಲ, ಅದೇ.

1916ರ ಬೇಸಿಗೆಯಲ್ಲಿ ಕುಕ್ ಹೆಂಡತಿಯನ್ನು ಕೇಳದೆಯೇ ಮುಂದಿನ ನಾಟಕ ಸೂಸನ್ ಅವರದ್ದು ಅಂತ ಘೋಷಿಸಿಬಿಟ್ಟರು. ಸೂಸನ್ ಖಾಲಿ ರಂಗದ ಎದುರು ಬಹಳ ಹೊತ್ತು ಕೂತರು. ಆಗ ಅವರಿಗೆ ಆ ರಂಗದ ಮೇಲೆ ಕಂಡದ್ದು ಅಯೋವಾದ ಆ ಅಡುಗೆಮನೆ. ಹಾಗೆ ಹುಟ್ಟಿದ್ದು ‘ಟ್ರೈಫಲ್ಸ್’, ಅಂದರೆ ಕ್ಷುಲ್ಲಕ ಸಂಗತಿಗಳು. ಅದಕ್ಕೆ ಸ್ವಲ್ಪ ದಿನ ಮುಂಚೆ ಅದೇ ಶೆಡ್ಡಿನಲ್ಲಿ ಓ'ನೀಲ್ ಅವರ ಮೊದಲ ನಾಟಕ ಆಡಲಾಗಿತ್ತು.

‘ಟ್ರೈಫಲ್ಸ್’ನಲ್ಲಿ ಸರ್ಕಾರಿ ವಕೀಲ ಮತ್ತು ಶೆರೀಫ್ ಸಾಕ್ಷಿ ಹುಡುಕಿಕೊಂಡು ಮನೆಯೆಲ್ಲ ಜಾಲಾಡುತ್ತಾರೆ. ಅಡುಗೆಮನೆಯಲ್ಲಿ ಏನಿರುತ್ತೆ, ಪಾತ್ರೆಪಗಡ ಅಂತ ನಕ್ಕು ಮೇಲಿನ ಮಹಡಿಗೆ ಹೋಗುತ್ತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಮಾತ್ರ ಅಲ್ಲೇ ಉಳಿದು ಅರ್ಧಕ್ಕೆ ಬಿಟ್ಟ ಕೆಲಸ, ದಿಕ್ಕುತಪ್ಪಿದ ಹೊಲಿಗೆ, ಮುರಿದ ಪಂಜರ, ಕತ್ತು ತಿರುಚಿದ ಹಕ್ಕಿಯನ್ನು ನೋಡುತ್ತಾರೆ. ನಡೆದದ್ದೇನು ಅಂತ ಅವರಿಗೆ ಅರ್ಥವಾಗುತ್ತದೆ. ಆ ಹಕ್ಕಿಯನ್ನು ಅವರು ಬಚ್ಚಿಡುತ್ತಾರೆ. ಇಬ್ಬರಲ್ಲಿ ಒಬ್ಬಳಾದ ಮಿಸೆಸ್ ಹೇಲ್ ಪಾತ್ರವನ್ನು ಸೂಸನ್ ಅವರೇ ಮಾಡಿದರು. ಹದಿನೈದು ವರ್ಷದ ಹಿಂದೆ ತಾವು ಬರೆದ ವರದಿಗೆ ಅವರು ಕೊಟ್ಟ ತಿದ್ದುಪಡಿ ಇದು ಅಂತ ನನಗನಿಸುತ್ತದೆ.

ವಿಮರ್ಶಕರಿಗೆ ಪುಕ್ಕಟೆ ಟಿಕೆಟ್ ಇಲ್ಲ

ಆ ಬೇಸಿಗೆಯಲ್ಲೇ ಬಾಸ್ಟನ್ ಪತ್ರಿಕೆಗಳು ಮೀನಿನ ಶೆಡ್ಡಿನ ಬಗ್ಗೆ ಬರೆದವು. ಚಳಿಗಾಲಕ್ಕೆ ತಂಡ ನ್ಯೂಯಾರ್ಕಿಗೆ ಬಂತು. ಅಲ್ಲಿ ಚಂದಾದಾರರಿಂದಲೇ ನಡೆಯುವ ವ್ಯವಸ್ಥೆ ಮಾಡಿಕೊಂಡು, ಒಂದು ವಿಚಿತ್ರ ನಿಯಮ ಹಾಕಿಕೊಂಡರು: ವಿಮರ್ಶಕರಿಗೆ ಪುಕ್ಕಟೆ ಟಿಕೆಟ್ ಕೊಡಲ್ಲ. ಅದು ಸೊಕ್ಕಲ್ಲ. ಇವರ ಪಾಲಿಗೆ ಅದು ಪ್ರಯೋಗಶಾಲೆ, ಸೋಲೋದಕ್ಕೂ ಅಲ್ಲಿ ಜಾಗ ಇರಬೇಕು. ಮೊದಲ ರಾತ್ರಿಯೇ ತೀರ್ಪು ಬಂದುಬಿಟ್ಟರೆ ಯಾರೂ ಹೊಸದನ್ನು ಮಾಡೋ ಧೈರ್ಯ ಮಾಡಲ್ಲ.

ಆದರೂ ಕೆಲವರು ಬಂದು ಬರೆದರು. ಆಮೇಲೆ ನಿಯಮವೂ ಸಡಿಲವಾಯಿತು. 1920ರ ನವೆಂಬರ್‌ನಲ್ಲಿ ಓ'ನೀಲ್ ಅವರ ‘ದಿ ಎಂಪರರ್ ಜೋನ್ಸ್’ ಬಂತು, ಮುಖ್ಯಪಾತ್ರದಲ್ಲಿ ಕಪ್ಪು ನಟ ಚಾರ್ಲ್ಸ್ ಗಿಲ್ಪಿನ್. ದೊಡ್ಡ ಪತ್ರಿಕೆಗಳು ಕೊಂಡಾಡಿದವು. ಜನ ಸಾಲುಗಟ್ಟಿದರು. ಡಿಸೆಂಬರ್ ಕೊನೆಗೆ ನಾಟಕ ಬ್ರಾಡ್‌ವೇ ಕಡೆ ಹೋಗಿಯಾಗಿತ್ತು.

ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಗಿಲ್ಪಿನ್‌ಗೆ ಸಿಗಬೇಕಾದ ಹೆಸರು ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಆ ಗೆಲುವಿನ ನಂತರ ತಂಡದ ಹಲವರ ಕಣ್ಣು ಬ್ರಾಡ್‌ವೇ ಮೇಲೆ ನೆಟ್ಟಿತು. ಕೆಲವೇ ತಿಂಗಳಲ್ಲಿ ಬಂದ ‘ಇನ್‌ಹೆರಿಟರ್ಸ್’ ನ್ಯೂಯಾರ್ಕ್ ಟೈಮ್ಸ್‌ನ ಅಲೆಕ್ಸಾಂಡರ್ ವುಲ್ಕಾಟ್‌ಗೆ ಹಿಡಿಸಲೇ ಇಲ್ಲ. ಯುದ್ಧಕಾಲದ ದೇಶದ್ರೋಹ ಕಾನೂನುಗಳ ನೆರಳು ಇನ್ನೂ ಇದ್ದಾಗ ಆ ನಾಟಕ ಆಡೋದೇ ಒಂದು ಧೈರ್ಯ. ಅದು ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ ಅನ್ನೋದು ಅವಸರದ ತೀರ್ಪಿಗೆ ಸಿಗುವ ವಿಷಯವಲ್ಲ. 1922ರಲ್ಲಿ ಸೂಸನ್ ಮತ್ತು ಕುಕ್ ಎಲ್ಲ ಬಿಟ್ಟು ಗ್ರೀಸಿಗೆ ಹೊರಟರು. ಏಳು ವರ್ಷದಲ್ಲಿ ಸುಮಾರು 50 ಲೇಖಕರ 100ರಷ್ಟು ಹೊಸ ನಾಟಕ ಆಡಿದ ತಂಡ ಅದು. ಅದರಲ್ಲಿ ಹನ್ನೊಂದಕ್ಕೆ ಸೂಸನ್ ಲೇಖಕಿ ಅಥವಾ ಸಹಲೇಖಕಿ. ಕುಕ್ 1924ರ ಜನವರಿಯಲ್ಲಿ ಅಲ್ಲೇ ಡೆಲ್ಫಿಯಲ್ಲಿ ತೀರಿಕೊಂಡರು.

ಮರೆವು ಮತ್ತು ಹಳೇ ಪತ್ರಿಕೆಯ ಕಟ್ಟು

1931ರಲ್ಲಿ ‘ಆಲಿಸನ್ಸ್ ಹೌಸ್’ ನಾಟಕಕ್ಕೆ ಸೂಸನ್‌ಗೆ ಪುಲಿಟ್ಜರ್ ಬಂತು. ವಿಮರ್ಶಕರು ಗೊಣಗಿದರು. 1936ರಿಂದ 1938ರವರೆಗೆ ಅವರು ಷಿಕಾಗೋದಲ್ಲಿ ಫೆಡರಲ್ ಥಿಯೇಟರ್ ಯೋಜನೆಯ ನಾಟಕ ವಿಭಾಗ ನೋಡಿಕೊಂಡರು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ರಂಗಕರ್ಮಿಗಳಿಗೆ ಸರ್ಕಾರ ದುಡಿಮೆ ಕೊಟ್ಟ ಯೋಜನೆ ಅದು. ಅಲ್ಲಿ ಅವರು ಹುಡುಕಿದ್ದು ನ್ಯೂಯಾರ್ಕಿನಿಂದ ಬಂದ ನಾಟಕವನ್ನಲ್ಲ, ಆ ಸೀಮೆಯ ಜನ ಬರೆದದ್ದನ್ನು. ಷಿಕಾಗೋದ ಕಪ್ಪು ಕುಟುಂಬವೊಂದರ ಕಥೆಯಾದ, ಥಿಯೊಡೋರ್ ವಾರ್ಡ್ ಬರೆದ ‘ಬಿಗ್ ವೈಟ್ ಫಾಗ್’ ರಂಗಕ್ಕೆ ಬರುವುದರ ಹಿಂದೆ ಸೂಸನ್ ಇದ್ದರು. 1939ರಲ್ಲಿ ಅಮೆರಿಕದ ಸಂಸತ್ತು ಆ ಯೋಜನೆಯನ್ನೇ ಮುಚ್ಚಿತು. ಸೂಸನ್ 1948ರ ಜುಲೈನಲ್ಲಿ ಪ್ರಾವಿನ್ಸ್‌ಟೌನ್‌ನಲ್ಲೇ ತೀರಿಕೊಂಡರು. ಆಮೇಲೆ ಪ್ರಾವಿನ್ಸ್‌ಟೌನ್ ತಂಡ ಅಂದರೆ ಓ'ನೀಲ್ ಬೆಳೆದ ಜಾಗ ಅಂತಷ್ಟೇ ಆಯಿತು.

1970ರ ದಶಕದ ಹೊತ್ತಿಗೆ ಸ್ತ್ರೀವಾದಿ ವಿಮರ್ಶಕಿಯರು ಅವರನ್ನು ಮತ್ತೆ ಓದಲು ಶುರುಮಾಡಿದರು. ‘ಟ್ರೈಫಲ್ಸ್’ ಇವತ್ತು ಎಷ್ಟೋ ಕಾಲೇಜುಗಳಲ್ಲಿ ಪಠ್ಯ. ಅದರ ಬೇರು ಹೋಸಾಕ್ ಕೇಸಿನಲ್ಲಿದೆ ಅಂತ ಸಂಶೋಧಕಿ ಲಿಂಡಾ ಬೆನ್-ಜ್ವಿ 1990ರ ದಶಕದ ಆರಂಭದಲ್ಲಿ ತೋರಿಸಿದ್ದು ಯಾವುದರ ಬಲದಿಂದ? ‘ಡೆ ಮೊಯ್ನ್ ಡೈಲಿ ನ್ಯೂಸ್’ನ ಹಳೇ ಸಂಚಿಕೆಗಳ ಬಲದಿಂದ. ಆ ಪತ್ರಿಕೆ ದಿನಾ ಒಬ್ಬ ವರದಿಗಾರ್ತಿಯನ್ನು ಆ ಕೋರ್ಟಿಗೆ ಕಳಿಸದೇ ಇದ್ದಿದ್ದರೆ ಆ ಕೊಂಡಿ ಸಿಗುತ್ತಿರಲಿಲ್ಲ. ನಾಟಕವೂ ಹುಟ್ಟುತ್ತಿರಲಿಲ್ಲವೇನೋ.

ಪತ್ರಿಕೆ ನಾಟಕಕ್ಕೆ ಎರಡು ರೀತಿಯಲ್ಲಿ ಒದಗುತ್ತದೆ. ಒಂದು, ದೂರದಿಂದ ಒಂದು ರಾತ್ರಿ ಬಂದು ಗೆದ್ದಿತು, ಸೋತಿತು ಅಂತ ಹೇಳಿ ಹೋಗೋದು. ಇನ್ನೊಂದು, ಅದೇ ಊರಿನಲ್ಲಿದ್ದು, ಮತ್ತೆ ಮತ್ತೆ ಬಂದು, ನೋಡಿದ್ದನ್ನು ಬರೆದಿಡೋದು. ಮೊದಲನೆಯದು ಒಬ್ಬರನ್ನು ಸ್ಟಾರ್ ಮಾಡುತ್ತೆ. ತಂಡವನ್ನು ಉಳಿಸೋದು ಎರಡನೆಯದು.

ನಮ್ಮಂಥ ಸುದ್ದಿತಾಣಗಳಿಗೂ ಈ ಮಾತು ತಾಗುತ್ತೆ. ಹವ್ಯಾಸಿ ತಂಡದ ನಾಟಕ ನಮ್ಮಲ್ಲಿ ಸುದ್ದಿಯಾಗೋದು ಯಾರಾದರೂ ಅದನ್ನು ತಡೆದಾಗ, ಗಲಾಟೆ ಆದಾಗ. ತಡೆಯದೇ ನಡೆದ ಪ್ರದರ್ಶನಗಳು ಕ್ಲಿಕ್ ತರಲ್ಲ ಅಂತ ಬಿಟ್ಟುಬಿಡ್ತೀವಿ. ಅಡುಗೆಮನೆಯಲ್ಲಿ ಏನಿರುತ್ತೆ ಅಂದ ಆ ಶೆರೀಫನಿಗೂ ನಮಗೂ ಏನು ವ್ಯತ್ಯಾಸ? ಆಮೇಲೆ ಗಲಾಟೆಯ ದಿನ ಆ ತಂಡದ ಬಗ್ಗೆ ಬರೆಯಲು ಕೂತರೆ, ಹಿಂದೆ ಏನು ಆಡಿದ್ದರು, ಊರಿನವರು ಹೇಗೆ ನೋಡಿದ್ದರು ಅನ್ನೋದು ಎಲ್ಲೂ ಸಿಗಲ್ಲ.

ನಿಮ್ಮೂರಿನಲ್ಲಿ ಈ ವಾರ ನಾಟಕ ಇದ್ದರೆ ಹೋಗಿ ಬನ್ನಿ. ಟಿಕೆಟ್ ತಗೊಂಡೇ ಹೋಗಿ. ಚೆನ್ನಾಗಿತ್ತಾ, ಇಲ್ವಾ ಅನ್ನೋದು ಆಮೇಲಿನ ಮಾತು. ಯಾರು ಆಡಿದರು, ಎಷ್ಟು ಜನ ಬಂದಿದ್ದರು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಅಂತ ಬರೆದು ಊರಿನ ಪತ್ರಿಕೆಗೋ ನಮಗೋ ಕಳಿಸಿ, ತಾರೀಖು ಹಾಕೋದು ಮಾತ್ರ ಮರೀಬೇಡಿ.